ದೊಡ್ಡಯ್ಯನ ತೇಗು ಮತ್ತು ಕಾಳಿಂದತ್ತೆಯ ಉಂಡೆ

ನಾನು ಕಟ್ಟಿದ ಉಂಡೆ ಕಡಿದು ಹಲ್ಲು ಮುರಿದುಕೊಂಡವರು ನಮ್ಮೂರಲ್ಲಿ ಹದಿನಾಲ್ಕು ಮಂದಿ ಇದ್ದಾರೆ. ಹದಿನಾಲ್ಕು ಮಂದಿಯೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ತುಟಿ ಎತ್ತಿ ಸಂದಿ ತೋರಿಸಿ, "ಇದು ಪಾರಿಜಾತಮ್ಮನ ಉಂಡೆದು ಕಣ್ರೀ" ಎನ್ನುತ್ತಾರೆ. ಈಗ ನಾನು ಕಟ್ಟುವ ಉಂಡೆಯಿಂದ ಯಾರ ಹಲ್ಲಿಗೂ ಅಪಾಯವಿಲ್ಲ. ಅದನ್ನು ಉದುರಿಸದೆ ಬಾಯಿಯವರೆಗೆ ಸಾಗಿಸುವುದೇ ಕಷ್ಟ. ಹೀಗೇಕಾಯಿತು ಎಂದು ಹೇಳಲು ಕೂತಿದ್ದೇನೆ, ಎಲೆಯಡಿಕೆ ಹಾಕಿಕೊಳ್ಳುವವರು ಹಾಕಿಕೊಳ್ಳಿ.

ನಮ್ಮೂರಿನ ಆಕಾಶದಲ್ಲಿ ಅರ್ಧ ಭಾಗ ದೊಡ್ಡಯ್ಯನೆಂಬ ಮಹಾಗ್ರಹದ್ದು. ಪಡುವಣ ಗುಡ್ಡದ ಮೇಲೆ, ಕೆಂಪು, ಕಂದು, ಕೆನೆಬಣ್ಣದ ಪಟ್ಟೆಗಳ ಹೊಟ್ಟೆ ಬಿಟ್ಟುಕೊಂಡು, ಉಂಡು ಜಗಲಿಗೆ ಬಂದ ಯಜಮಾನನ ಹಾಗೆ ಸದಾ ಕೂತಿರುತ್ತಾನೆ. ಅವನ ಮೈಯಲ್ಲಿ ನೆಲವೆಂಬುದಿಲ್ಲ. ಬರೀ ಗಾಳಿ, ಮೋಡ, ಅದರ ಕೆಳಗೆ ಇನ್ನಷ್ಟು ಮೋಡ. ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಯಾವುದೋ ಧೂಮಕೇತು ದಾರಿ ತಪ್ಪಿ ಅವನೊಳಗೆ ಬೀಳುತ್ತದೆ. ಅದನ್ನು ನಾವು ತುತ್ತು ಎನ್ನುತ್ತೇವೆ. ತುತ್ತು ಆಳಕ್ಕೆ ಇಳಿದುಹೋದರೆ ದೊಡ್ಡಯ್ಯ ಸದ್ದಿಲ್ಲದೆ ನುಂಗಿಕೊಳ್ಳುತ್ತಾನೆ. ಮೇಲೆಯೇ ಒಡೆದರೆ ಬಿಸಿ ಮೋಡವೆಲ್ಲ ತುತ್ತು ಇಳಿದ ದಾರಿಯಲ್ಲೇ ವಾಪಸು ಚಿಮ್ಮಿ, ಅವನ ಅಂಚಿನಾಚೆಗೆ ಕೊಡೆ ಬಿಚ್ಚಿದಂತೆ ಏಳುತ್ತದೆ. ಅದು ತೇಗು. ತೇಗು ಎದ್ದು, ಮತ್ತೆ ಅವನ ಮೈಮೇಲೇ ಬಿದ್ದು ಅಡಗುವವರೆಗೆ ನಮ್ಮೂರಲ್ಲಿ ಯಾವುದಕ್ಕೂ ಭಾರವಿರುವುದಿಲ್ಲ.

ಇದಕ್ಕೆ ನಾವು ಒಗ್ಗಿಹೋಗಿದ್ದೇವೆ. ಊರ ಹಳ್ಳದಲ್ಲಿ ಒಂದು ಬಗೆಯ ಕರಿಕಲ್ಲು ಸಿಗುತ್ತದೆ, ಅದು ಯಾರ ಮಾತನ್ನೂ ಕೇಳದ ಕಲ್ಲು, ದೊಡ್ಡಯ್ಯನ ತೇಗಿಗೂ ಭಾರ ಬಿಡುವುದಿಲ್ಲ. ಪ್ರತಿಯೊಬ್ಬರಿಗೂ ಅದರದೊಂದು ಸೊಂಟದ ಕಲ್ಲಿದೆ. ಮಗುವಿಗೆ ಹೆಸರಿಡುವ ದಿನವೇ ಕಲ್ಲನ್ನೂ ಗೊತ್ತು ಮಾಡುತ್ತಾರೆ. ತೇಗಿನ ದಿನ ಬಾವಿಗೆ ಮುಚ್ಚಳ ಹಾಕಿ ಮೇಲೆ ಕರಿಕಲ್ಲು ಹೇರಬೇಕು, ಇಲ್ಲದಿದ್ದರೆ ನೀರು ಮುದ್ದೆಮುದ್ದೆಯಾಗಿ ಎದ್ದು ಬಂದು ಬೀದಿ ಸುತ್ತುತ್ತದೆ. ಕೋಳಿಗೆ ಮಂಕರಿ, ಸಾರಿಗೆ ತಟ್ಟೆ, ಮಗುವಿಗೆ ಅಜ್ಜಿ, ಅಜ್ಜಿಗೆ ಕಂಬ. ಮಾತು ಬಿಟ್ಟ ಗಂಡಹೆಂಡಿರನ್ನು ಒಂದೇ ಕಂಬಕ್ಕೆ ಕಟ್ಟುವ ಪದ್ಧತಿಯೂ ಉಂಟು, ಭಾರ ವಾಪಸು ಬರುವ ಹೊತ್ತಿಗೆ ರಾಜಿಯಾಗಿರುತ್ತಾರೆ. ಇಷ್ಟೆಲ್ಲ ಮಾಡಲು ಅರ್ಧ ದಿನ ಹಿಡಿಯುತ್ತದೆ. ಆದ್ದರಿಂದ ತೇಗು ಬರುತ್ತದೋ ಇಲ್ಲವೋ, ಬಂದರೆ ಎಷ್ಟು ಹೊತ್ತು ಎಂದು ಮೊದಲೇ ಹೇಳುವವರು ಬೇಕು. ಹೇಳುವುದು ತೇಗಿನ ಮನೆಯವರ ಕೆಲಸ, ನಾನು ಅಲ್ಲಿ ಉಂಡೆ ಕಟ್ಟುವವಳು.

ತೇಗಿನ ಮನೆಯ ಅಂಗಳದಲ್ಲಿ ಒಂದು ದೊಡ್ಡ ತಾಮ್ರದ ಕೊಪ್ಪರಿಗೆಯನ್ನು ಗಾರೆ ಹಾಕಿ ಕೂರಿಸಿದ್ದಾರೆ. ಅದು ದೊಡ್ಡಯ್ಯನ ಹೊಟ್ಟೆ. ತಳಕ್ಕೆ ಜೋನಿಬೆಲ್ಲ, ಅದರ ಮೇಲೆ ಗಂಜಿ, ಅದರ ಮೇಲೆ ಮಜ್ಜಿಗೆ, ಎಲ್ಲಕ್ಕಿಂತ ಮೇಲೆ ಕಾಯಿಸಿದ ತುಪ್ಪ. ಒಂದರೊಳಗೊಂದು ಬೆರೆಯದಂತೆ ಬಾಳೆಯೆಲೆಯ ಮೇಲಿಂದ ಮೆಲ್ಲಗೆ ಜಾರಿಸಬೇಕು. ಪಕ್ಕದಲ್ಲಿ ನಾಲ್ಕಾಳೆತ್ತರದ ಬಿದಿರಿನ ಅಟ್ಟಣಿಗೆ, ಹಿಂದೆ ಸುಣ್ಣ ಬಳಿದ ಗೋಡೆ, ಗೋಡೆಯ ಮೇಲೆ ಒಂಬತ್ತು ಗೆರೆ. ಅಟ್ಟಣಿಗೆಯ ತುದಿಯಿಂದ ಉಂಡೆ ಬಿಡುತ್ತೇವೆ. ಕೊಪ್ಪರಿಗೆಯಿಂದ ಸಿಡಿದದ್ದು ಗೋಡೆಯ ಎಷ್ಟನೆಯ ಗೆರೆ ಮುಟ್ಟಿತು ಎಂದು ನೋಡುತ್ತೇವೆ. ಎರಡು ಗೆರೆಗೆ ಒಂದು ಎಲೆಯಡಿಕೆ, ಅಂದರೆ ಒಂದು ಎಲೆಯಡಿಕೆಯನ್ನು ಬಾಯಿಗೆ ಹಾಕಿ ಅಗಿದು ಮುಗಿಸುವಷ್ಟು ಹೊತ್ತು ತೇಗು ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಜಾಲರಿ ಸೌಟಿನಲ್ಲಿ ಉಂಡೆಗಳನ್ನು ಹೆಕ್ಕಿ ಊರವರಿಗೆ ಹಂಚುತ್ತೇವೆ. ತುಪ್ಪ, ಮಜ್ಜಿಗೆ, ಗಂಜಿ, ಬೆಲ್ಲ ನಾಲ್ಕನ್ನೂ ಹಾದು ಬಂದ ಉಂಡೆಯ ರುಚಿಯೇ ರುಚಿ. ಅದಕ್ಕೇ ತುತ್ತು ಬರಲಿ ಬಿಡಲಿ, ತಿಂಗಳಿಗೊಂದು ಪರೀಕ್ಷೆ ತಪ್ಪುವುದಿಲ್ಲ.

ತೇಗಿನ ಮನೆಯ ಹಿರಿಯರು ವಿಶ್ವಂಭರಯ್ಯ. ಅರವತ್ತು ದಾಟಿದರೂ ಮೂವತ್ತೆರಡು ಹಲ್ಲೂ ಭದ್ರ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಆದರೆ ಒಳಗೊಳಗೇ ಅಂಜುಬುರುಕ. ಅದಕ್ಕೆ ಕಾರಣವಿದೆ. ತೇಗಿನ ಮಾತು ತಪ್ಪಿ ಹೇಳಿದವರು ತಪ್ಪುಗಲ್ಲು ಎಂಬ ಕರಿಕಲ್ಲನ್ನು ಮುಂದಿನ ತುತ್ತಿನವರೆಗೆ ಬೆನ್ನಿಗೆ ಕಟ್ಟಿಕೊಂಡು ಓಡಾಡಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಅವರ ತಂದೆ ತೇಗಿಲ್ಲ ಎಂದು ಸಾರಿಸಿದರು. ತೇಗು ಬಂತು. ಪಾಪ, ಸಾಯುವವರೆಗೂ ಮುದುಕರು ಆ ಕಲ್ಲನ್ನು ಹೊತ್ತರು.

ಅದೇ ತೇಗಿನಲ್ಲಿ ನನ್ನ ಸೋದರತ್ತೆ ಕಾಳಿಂದತ್ತೆ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದಳು. ತೇಗಿಲ್ಲ ಎಂದಿದ್ದಾರಲ್ಲ, ಸೊಂಟಕ್ಕೆ ಕಲ್ಲಿರಲಿಲ್ಲ. ಹಪ್ಪಳಗಳ ಜೊತೆಗೇ ಹುಣಸೆಮರದ ಎತ್ತರಕ್ಕೆ ಎದ್ದುಹೋದಳು. ತೇಗು ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಭಾರ ಒಮ್ಮೆಲೇ ವಾಪಸು ಬಂದಾಗ ಎಮ್ಮೆ ಕೊಟ್ಟಿಗೆಯ ಮೇಲೆ ಬಿದ್ದು ಸೊಂಟ ಮುರಿಯಿತು. ಅಂದಿನಿಂದ ನಾಲ್ಕು ಗಾಲಿಯ ಹಲಗೆಯೊಂದರ ಮೇಲೆ ಕೂತು, ಎರಡು ಕೈಯಿಂದ ನೆಲ ತಳ್ಳಿಕೊಂಡು ಮನೆ, ಬೀದಿ, ತೇಗಿನ ಮನೆ ಎಲ್ಲ ತಿರುಗುತ್ತಾಳೆ. ನನಗಿಂತ ಮೊದಲು ಉಂಡೆ ಕಟ್ಟುತ್ತಿದ್ದವಳು ಅವಳೇ, ನನ್ನನ್ನು ಸಾಕಿದವಳೂ ಅವಳೇ. ಎಪ್ಪತ್ತರ ಹತ್ತಿರದ ಅವಳ ತೋಳು ನೋಡಿದರೆ ಗರಡಿಯವರು ನಾಚಬೇಕು.

ಈ ಸಲದ ಧೂಮಕೇತು ಕಾಣಿಸಿಕೊಂಡಾಗ ಒಂದೇ ಇತ್ತು. ದೊಡ್ಡಯ್ಯನ ಮಗ್ಗುಲಲ್ಲಿ ಹಾದುಹೋಗಿ, ಸುತ್ತು ಹಾಕಿ ತಿರುಗಿ ಬರುವಾಗ ಏಳಾಗಿತ್ತು. ಒಂದರ ಹಿಂದೊಂದು ಏಳು ಚುಕ್ಕಿ, ಪ್ರತಿಯೊಂದಕ್ಕೂ ಒಂದು ಪುಟ್ಟ ಬಾಲ. ಊರೆಲ್ಲ ಕತ್ತೆತ್ತಿಕೊಂಡೇ ಓಡಾಡತೊಡಗಿತು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಗುವುದೇ ಕೆಲಸವಾಯಿತು. ಬಾಲಗಳು ದಿನದಿನಕ್ಕೆ ಉದ್ದವಾಗುತ್ತಿದ್ದವು.

ಒಂದು ದಿನ ಬೆಲ್ಲ ಕುಟ್ಟುತ್ತ ಅತ್ತೆ ಇದ್ದಕ್ಕಿದ್ದ ಹಾಗೆ, "ಲೇ ಪಾರಿ, ನಾನು ಇನ್ನೊಂದ್ಸಲ ಮೇಲಕ್ಕೆ ಹೋಗ್ಬೇಕು ಕಣೇ" ಎಂದಳು.

"ಎಲ್ರೂ ಹೋಗೋದೇ. ನಿಂಗೇನು ಅವಸರ?"

"ಥೂ ನಿನ್ನ! ಆ ಮೇಲಲ್ಲ. ತೇಗಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಈ ಹಲಗೆ ಮೇಲೆ ಕೂತು ಊರಿನ ಮಂಡಿ ನೋಡ್ತಾ ಇದೀನಿ. ಯಾರ ಮಂಡಿ ಯಾವ್ದು ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ. ಮುಖ ನೋಡೋಕೆ ಹೋದ್ರೆ ಕತ್ತು ಹಿಡ್ಕೊಳುತ್ತೆ. ಒಂದ್ಸಲ ಎಲ್ರ ನೆತ್ತಿ ನೋಡ್ಬಿಡ್ತೀನಿ, ಸಾಕು."

"ಬಿದ್ರೆ?"

"ಎಷ್ಟು ಹೊತ್ತು ಅಂತ ಗೊತ್ತಿದ್ರೆ ಯಾಕೆ ಬೀಳ್ತೀನಿ? ಸೊಂಟಕ್ಕೆ ಬಾವಿ ಹಗ್ಗ ಕಟ್ಟು. ಹೊತ್ತಿಗೆ ಸರಿಯಾಗಿ ಕೆಳಗೆಳ್ಕೋ. ಹೊತ್ತು ಹೇಳೋದು ನಿನ್ನ ಕೆಲ್ಸ."

ಅವಳು ಸುಲಭವಾಗಿ ಹೇಳಿಬಿಟ್ಟಳು. ಇನ್ನೊಂದು ಸಲ ಬಿದ್ದರೆ ಹಲಗೆಯೂ ಇಲ್ಲ. ಬೇಡ ಅನ್ನೋಣವೆಂದರೆ ನಾನು ಹುಟ್ಟಿದಾಗಿನಿಂದ ಅವಳು ನನ್ನಲ್ಲಿ ಕೇಳಿದ್ದು ಅದೊಂದೇ. ಅಂದಿನಿಂದ ನನಗೆ ಬೇಕಾದದ್ದು ಒಂದೇ ಆಯಿತು, ಈ ತೇಗು ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಸರಿಯಾದ ಮಾತು.

ವಿಶ್ವಂಭರಯ್ಯ ಪರೀಕ್ಷೆ ಇಟ್ಟರು. ನೀರಿಗೆ ಹಾಕಿದರೆ ಟಣ್ ಎನ್ನುವ ಪಾಕದಲ್ಲಿ ಏಳು ಉಂಡೆ ಕಟ್ಟಿಕೊಟ್ಟೆ. ಏಳೂ ಗುಳುಂ ಗುಳುಂ ಎಂದು ತಳದ ಬೆಲ್ಲಕ್ಕೆ ಇಳಿದುಹೋದವು. ಗೋಡೆಗೆ ಒಂದು ಹನಿಯೂ ಹಾರಲಿಲ್ಲ. "ನೋಡಿದಿರಾ? ತೇಗಿಲ್ಲ" ಎಂದು ಪಂಚೆ ಕೊಡವಿಕೊಂಡರು. ಊರವರು ಉಂಡೆ ಕಟಕಟ ಕಡಿಯುತ್ತ ಮನೆಗೆ ಹೋದರು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಕೈಯಲ್ಲಿ ಉಳಿದಿದ್ದ ಎಂಟನೆಯ ಉಂಡೆಯನ್ನು ಗೋಡೆಗೆ ಎಸೆದೆ, ಗಾರೆ ಚಕ್ಕೆ ಎದ್ದಿತೇ ಹೊರತು ಉಂಡೆಗೆ ಏನೂ ಆಗಲಿಲ್ಲ. ಆಕಾಶದಲ್ಲಿರುವುದೋ, ದೊಡ್ಡಯ್ಯನ ಮಗ್ಗುಲಲ್ಲಿ ಸುಮ್ಮನೆ ಹಾದುಹೋದದ್ದಕ್ಕೇ ಏಳು ಚೂರಾಗಿದೆ. ಮುಟ್ಟಲೂ ಇಲ್ಲ, ಆಗಲೇ ಉದುರಿತು. ಅದು ಪಾಕ ಹಿಡಿಯದ ಉಂಡೆ. ಅಡುಗೆ ಮನೆಯಲ್ಲಿ ಕೈ ಆಡಿಸಿದ ಯಾರಿಗಾದರೂ ಇದು ತಿಳಿಯಬೇಕು, ನನಗೆ ತಿಳಿಯಲು ಇಷ್ಟು ದಿನ ಬೇಕಾಯಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಅತ್ತೆ, ಉಂಡೆ ಇಷ್ಟು ಗಟ್ಟಿ ಇರಬೇಕು ಅಂತ ಯಾರು ಹೇಳಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅತ್ತೆಯ ಕೈಯಲ್ಲಿದ್ದ ಒನಕೆ ನಿಂತಿತು. ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೋಯಿತು.

"ನಾನೇ" ಎಂದಳು.

ನಾನು ಅವಳ ಎದುರಿಗೆ ಕೂತೆ.

"ನಾನು ಕೆಲ್ಸಕ್ಕೆ ಸೇರ್ದಾಗ ಉಂಡೆ ಕೈಯಲ್ಲೇ ಉದುರೋದು ಕಣೇ. ಎಳ್ಳು, ಹುರಿಗಡಲೆ, ಅಕ್ಕಿನುಚ್ಚು, ಹೆಸ್ರಿಗೆ ಒಂದಿಷ್ಟು ಬೆಲ್ಲ. ಕೊಪ್ಪರಿಗೆಗೆ ಬಿಟ್ರೆ ಕರಗೇ ಹೋಗೋದು. ಸೌಟು ಹಾಕಿ ಹುಡುಕಿದ್ರೂ ಏನೂ ಸಿಗ್ತಿರ್ಲಿಲ್ಲ. ಜನ ತಟ್ಟೆ ಹಿಡ್ಕೊಂಡು ಬಂದು ಬೈಕೊಂಡು ಹೋಗೋರು, ಎಂಥ ಕೈಯವ್ವಾ ನಿಂದು, ಒಂದು ಉಂಡೆ ನಿಲ್ಲಲ್ಲ ಅಂತ. ಹೊಸ ಹುಡುಗಿ ನಾನು, ಅಳು ಬರೋದು. ಒಂದು ತಿಂಗಳು ಒಂಚೂರು ಪಾಕ ಜಾಸ್ತಿ ಮಾಡ್ದೆ. ಎರಡು ಉಂಡೆ ಸಿಕ್ತು. ಹೊಗಳಿದ್ರು ನೋಡು! ಮುಂದಿನ ತಿಂಗಳು ಇನ್ನೊಂಚೂರು. ಆಮೇಲೆ ನಿಲ್ಸೋಕೆ ಆಗ್ಲಿಲ್ಲ."

"ಹಾಗಾದ್ರೆ ಆವತ್ತು ತೇಗಿಲ್ಲ ಅಂತ ಸಾರಿಸಿದ್ದು..."

"ನನ್ನ ಉಂಡೆ ನೋಡಿ. ಗುಳುಂ ಅಂತು, ಅವ್ರು ಸಾರಿಸಿದ್ರು. ನನ್ನ ಉಂಡೆನೇ ನನ್ನ ಬೀಳಿಸ್ತು. ಪಾಪ, ಆ ಮುದುಕ ಕಲ್ಲು ಹೊತ್ಕೊಂಡು ನಮ್ಮ ಮನೆ ಮುಂದೇನೇ ಓಡಾಡೋರು. ಹೇಳ್ಬೇಕು ಹೇಳ್ಬೇಕು ಅಂದ್ಕೊಂಡೆ. ಹೇಳ್ಲಿಲ್ಲ."

ನನಗೆ ಅಳು ಬರಬೇಕಿತ್ತು, ನಗು ಬಂತು. ಊರಿಗೆ ಊರೇ ದೊಡ್ಡಯ್ಯನ ಹೊಟ್ಟೆಯ ವಿಷಯ ತಿಳಿಯಲು ಹೋಗಿ ತನ್ನ ಹೊಟ್ಟೆಯ ಮಾತು ಕೇಳಿತ್ತು. ಹಿಂದೆ ಮೇಲಿನ ಪದರವೂ ಹರಳೆಣ್ಣೆಯದೇ ಆಗಿತ್ತಂತೆ, ಉಂಡೆ ತಿಂದವರ ಮರುದಿನದ ಸಮಾಚಾರ ಕೇಳಿ ತುಪ್ಪಕ್ಕೆ ಬದಲಾಯಿಸಿದರಂತೆ. ಅತ್ತೆ ಅದನ್ನು ಹೇಳುತ್ತಿದ್ದ ಹಾಗೇ ತಾನೂ ನಗತೊಡಗಿದಳು. ಇಬ್ಬರೂ ನಕ್ಕು ನಕ್ಕು ಬೆಲ್ಲದ ಪುಡಿಯನ್ನೆಲ್ಲ ಹಾರಿಸಿದೆವು. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾ, ಹಳೇ ಉಂಡೆ ಕಟ್ಟೋದು ಹೇಳ್ಕೊಡ್ತೀನಿ" ಎಂದಳು.

ಹೇಳಿದಷ್ಟು ಸುಲಭವಲ್ಲ ಅದು. ಗಟ್ಟಿ ಉಂಡೆ ಯಾರು ಬೇಕಾದರೂ ಕಟ್ಟಿಯಾರು. ಉದುರುವ ಉಂಡೆಯನ್ನು ಉದುರದ ಹಾಗೆ ಅಟ್ಟಣಿಗೆಯ ತುದಿಗೆ ಒಯ್ಯಬೇಕಲ್ಲ! ಮರುದಿನ ಉಸಿರು ಬಿಗಿಹಿಡಿದು, ಅಂಗೈಯಲ್ಲಿ ಮರಿಗುಬ್ಬಿ ಇಟ್ಟುಕೊಂಡಂತೆ ಏಣಿ ಹತ್ತಿದೆ. ನಾನು ಕೇಳಿ ಇಡಿಸಿದ ಎರಡನೆಯ ಪರೀಕ್ಷೆಗೆ ಊರೆಲ್ಲ ನೆರೆದಿತ್ತು. ವಿಶ್ವಂಭರಯ್ಯ ಕೊಪ್ಪರಿಗೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಬಿಟ್ಟೆ.

ಉಂಡೆ ತುಪ್ಪ ದಾಟಿತು, ಮಜ್ಜಿಗೆ ಮುಟ್ಟಿತು, ಕಾವಲಿಯ ಮೇಲೆ ಹಿಟ್ಟು ಹರಡಿದ ಹಾಗೆ ಅಗಲವಾಯಿತು. ಚಪ್ಪಟೆಯಾಗಿ, ಒಡೆದು, ಅಲ್ಲೇ ಪಟಾರ್ ಎಂದಿತು. ಆಮೇಲೆ ಬಿದ್ದ ದಾರಿಯಿಂದಲೇ ತುಪ್ಪ ಮಜ್ಜಿಗೆ ಎರಡೂ ಕಂಬದಂತೆ ಎದ್ದವು. ಒಂದು, ಎರಡು, ನಾಲ್ಕು, ಆರನೆಯ ಗೆರೆ! ಇಳಿದದ್ದು ವಿಶ್ವಂಭರಯ್ಯನವರ ತಲೆಯ ಮೇಲೆ. ಮೂಗಿನ ತುದಿಯಿಂದ ತೊಟ್ಟಿಕ್ಕುವ ಮಜ್ಜಿಗೆಯನ್ನು ಅವರು ಒರೆಸಿಕೊಳ್ಳಲೂ ಇಲ್ಲ. ಒಂದೊಂದಾಗಿ ಉಳಿದ ಆರನ್ನೂ ಬಿಟ್ಟೆ. ಒಂದರ ಚಿಮ್ಮು ಇಳಿಯುವ ಮೊದಲೇ ಇನ್ನೊಂದರದು ಏಳುತ್ತಿತ್ತು, ಏಳನೆಯದು ಕೈಯಲ್ಲೇ ಪುಡಿಯಾಗಿತ್ತು, ಅದರದು ಲೆಕ್ಕಕ್ಕಿಲ್ಲ. ಯಾವುದೂ ಆರನೆಯ ಗೆರೆ ದಾಟಲಿಲ್ಲ, ಒಂದಕ್ಕೊಂದು ಬೆಸೆದುಕೊಂಡ ಚಿಮ್ಮುಗಳಾದ್ದರಿಂದ ಎಲ್ಲಕ್ಕೂ ಸೇರಿ ಒಂದೇ ಲೆಕ್ಕ.

"ಆರು ಗೆರೆ! ಮೂರು ಎಲೆಯಡಿಕೆ ಹೊತ್ತು!" ಎಂದು ನಾನು ಮೇಲಿಂದ ಕೂಗಿದೆ.

ಕೆಳಗೆ ಸೌಟು ಹಾಕಿ ಹುಡುಕುತ್ತಿದ್ದವರು, "ಉಂಡೆ ಎಲ್ರೀ?" ಎಂದರು.

"ಉಂಡೆ ಇಲ್ಲ. ಕರಗಿಹೋಯ್ತು."

"ಉಂಡೆನೇ ಇಲ್ದಿರೋ ಪರೀಕ್ಷೆ ಎಂಥ ಪರೀಕ್ಷೆ?" ಎಂದು ಖಾಲಿ ತಟ್ಟೆ ಬಡಿದರು. ವಿಶ್ವಂಭರಯ್ಯನವರಿಗೆ ಅಷ್ಟೇ ಸಾಕಾಯಿತು. "ಪಾರಿಜಾತಮ್ಮ, ಉಂಡೆ ಕಟ್ಟೋಕೆ ಬರ್ದೇ ಇದ್ರೆ ಹೇಳ್ಬೇಕು, ಧೂಮಕೇತು ಮೇಲೆ ಹಾಕ್ಬಾರ್ದು. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದರು. ಸಂಜೆಗೆ ಡಂಗುರ ಹೊಡೆಸಿದರು. ಬರುವ ಸೋಮವಾರ ಬೆಳಗಿನ ತಿಂಡಿಯ ಹೊತ್ತಿಗೆ ಏಳು ತುತ್ತು, ತೇಗಿಲ್ಲ, ಯಾರೂ ಕಲ್ಲು ಕಟ್ಟಬೇಕಿಲ್ಲ, ಎಲ್ಲರೂ ಬಂದು ತಮಾಷೆ ನೋಡಿ.

ನಾನು ಮನೆಮನೆಗೆ ಹೋದೆ. ಅಡುಗೆ ಮನೆಯ ಬಾಗಿಲಲ್ಲೇ ನಿಂತು, "ಮಗ್ಗುಲಲ್ಲಿ ಹೋದದ್ದಕ್ಕೆ ಏಳು ಚೂರಾಯ್ತು ಕಣ್ರಮ್ಮಾ, ಅದರ ಪಾಕ ಎಂಥದಿರಬೇಕು ನೀವೇ ಹೇಳಿ" ಎಂದೆ. ಹೆಂಗಸರು ಒಂದು ಗಳಿಗೆ ಆಕಾಶ ನೋಡಿ, "ಅಯ್ಯೋ ಹೌದಲ್ಲ!" ಎಂದು ಬಾವಿಯ ಮುಚ್ಚಳ ಹುಡುಕಲು ಹೋದರು. ಉಂಡೆ ಕಟ್ಟಿದ ಕೈಯವರು ನಂಬಿದರು, ಉಂಡೆ ತಿನ್ನುವ ಬಾಯವರು ನಂಬಲಿಲ್ಲ. ಹೀಗಾಗಿ ಸೋಮವಾರ ಬೆಳಿಗ್ಗೆ ತೇಗಿನ ಮನೆಯ ಅಂಗಳದಲ್ಲಿ ಹೆಂಗಸರೆಲ್ಲ ಸೊಂಟಕ್ಕೆ ಕಲ್ಲು ಬಿಗಿದು ಬಂದಿದ್ದರು, ಗಂಡಸರೆಲ್ಲ ಬರೀ ಪಂಚೆಯಲ್ಲಿ ಬಂದಿದ್ದರು.

ವಿಶ್ವಂಭರಯ್ಯ ಎಲ್ಲರಿಗೂ ಕಾಣಲೆಂದು ಅಟ್ಟಣಿಗೆಯ ತುದಿಯಲ್ಲಿ ನಿಂತಿದ್ದರು. ಕೊಪ್ಪರಿಗೆಗೆ ಮುಚ್ಚಳ ಹಾಕಿಸಿರಲಿಲ್ಲ, ತಮ್ಮ ಮಾತಿನ ಮೇಲೆ ಅಷ್ಟು ನಂಬಿಕೆ. ನಾನು ಅತ್ತೆಯ ಹಲಗೆಯನ್ನು ಅಂಗಳದ ಈಚೆ ಬದಿಗೆ ತಂದು, ಅವಳ ಸೊಂಟಕ್ಕೆ ಬಾವಿ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಸುತ್ತಿಕೊಂಡೆ. ಇಬ್ಬರೂ ಮೂರು ಮೂರು ಎಲೆ ಮಡಿಸಿ ಇಟ್ಟುಕೊಂಡಿದ್ದೆವು. "ಮೂರನೇದು ಅರ್ಧ ಆದಾಗ ಎಳೀತೀನಿ. ತಕರಾರು ಮಾಡಂಗಿಲ್ಲ" ಎಂದೆ. "ಆಯ್ತು ಬಿಡೇ, ಅಜ್ಜಿ ಥರ ಆಡ್ಬೇಡ" ಎಂದಳು.

ಮೊದಲ ಚುಕ್ಕಿ ದೊಡ್ಡಯ್ಯನ ಕೆನೆಪಟ್ಟೆಗೆ ತಾಗಿ ಮಾಯವಾಯಿತು. ಏನೂ ಆಗಲಿಲ್ಲ. "ಗುಳುಂ!" ಎಂದು ವಿಶ್ವಂಭರಯ್ಯ ಮೇಲಿಂದ ಕೈಯೆತ್ತಿ ಕೂಗಿದರು, ಗಂಡಸರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವ ಮೊದಲು ದೊಡ್ಡಯ್ಯನ ಅಂಚಿನಲ್ಲಿ ಕಿತ್ತಳೆ ಬಣ್ಣದ್ದೊಂದು ಮೊಳಕೆ ಕಾಣಿಸಿತು. ಅದು ಬೆಳೆಯಿತು, ಹಿಗ್ಗಿತು, ಕೊಡೆಯಾಗಿ ಬಿಚ್ಚಿಕೊಂಡಿತು. ನನ್ನ ಹೊಟ್ಟೆಯೊಳಗೆ ಉಯ್ಯಾಲೆ ಇಳಿದ ಹಾಗಾಯಿತು. ಗಬಕ್ಕನೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡೆ.

ಬೆಚ್ಚಿಬಿದ್ದು ಎಗರಿದ ಗಂಡಸರೆಲ್ಲ ಎಗರಿದ ಹಾಗೇ ಮೇಲಕ್ಕೆ ಹೋದರು! 'ಏಯ್, ಏಯ್' ಎಂದು ಕೈಕಾಲು ಬಡಿಯುತ್ತ, ಒಬ್ಬರ ಕಾಲನ್ನು ಒಬ್ಬರು ಹಿಡಿದುಕೊಂಡು, ಗೊಂಚಲು ಗೊಂಚಲಾಗಿ. ಕೆಳಗಿನಿಂದ ಹೆಂಗಸರು ಗಂಡಂದಿರ ಪಂಚೆ ಹಿಡಿದೆಳೆದರು. ಕೆಲವು ಕಡೆ ಗಂಡ ಬಂದ, ಕೆಲವು ಕಡೆ ಪಂಚೆ ಮಾತ್ರ ಬಂತು. ಊರಿಗೆ ಊರೇ ಬಿದ್ದೂ ಬಿದ್ದೂ ನಗುತ್ತಿತ್ತು, ಬೀಳಲು ಮಾತ್ರ ಆಗುತ್ತಿರಲಿಲ್ಲ. ಕೊಪ್ಪರಿಗೆಯೊಳಗಿನ ತುಪ್ಪ, ಮಜ್ಜಿಗೆ, ಗಂಜಿ ಎಲ್ಲ ಒಂದು ದೊಡ್ಡ ಗುಂಡಾಗಿ ನಡುಗುತ್ತ ಎದ್ದು ಅಂಗಳದ ಮೇಲೆ ನಿಂತಿತು.

ಅತ್ತೆ ಎರಡೂ ಅಂಗೈಯಿಂದ ನೆಲವನ್ನು ಒಮ್ಮೆ ಒತ್ತಿದಳು, ಅಷ್ಟೇ. ಹಲಗೆ ಕೆಳಗೆ ಉಳಿಯಿತು, ಅವಳು ಎದ್ದಳು. ಹಗ್ಗ ನನ್ನ ಕೈಯಿಂದ ಸರಸರ ಬಿಚ್ಚಿಕೊಂಡಿತು. ಸೆರಗು ಹಾರುತ್ತಿತ್ತು, ಕಾಲುಗಳು ಹಗುರಾಗಿ ತೇಲುತ್ತಿದ್ದವು. "ಪಾರೀ! ನಿನ್ನ ಬೈತಲೆ ಸೊಟ್ಟಗಿದೆ ಕಣೇ!" ಎಂದು ಮೇಲಿಂದ ಕೂಗಿದಳು. ಆಮೇಲೆ ಊರವರ ನೆತ್ತಿಗಳ ಸಮಾಚಾರವನ್ನೆಲ್ಲ ಒಂದೊಂದಾಗಿ ಸಾರತೊಡಗಿದಳು, ಯಾರದು ಬೋಳು, ಯಾರಿಗೆ ಎರಡು ಸುಳಿ, ಯಾರು ಬಣ್ಣ ಹಚ್ಚುತ್ತಾರೆ. ಅವಳು ಉಗಿದ ಎಲೆಯಡಿಕೆ ರಸ ಕೆಂಪು ಮಣಿಗಳಾಗಿ ಮೆಲ್ಲಗೆ ತೇಲಿಕೊಂಡು ಹೋಗಿ ಯಾರದೋ ಬಿಳಿ ಪಂಚೆಗೆ ಅಂಟಿತು. ಎರಡನೆಯ ತೇಗು ಎದ್ದಿತು, ಮೂರನೆಯದು, ನಾಲ್ಕನೆಯದು. ನನ್ನ ಎರಡನೆಯ ಎಲೆ ಮುಗಿಯಿತು. ನಡುಗುವ ಮಜ್ಜಿಗೆ ಗುಂಡು ತೇಲುತ್ತ ಬಂದು ಅವಳಿಗೂ ನನಗೂ ನಡುವೆ ನಿಂತುಬಿಟ್ಟಿತು, ನಗು ಮಾತ್ರ ಕೇಳುತ್ತಿತ್ತು.

ಮೂರನೆಯ ಎಲೆ ಅರ್ಧವಾಯಿತು. ಹಗ್ಗ ಎಳೆಯತೊಡಗಿದೆ. ಒದೆಯುತ್ತಿದ್ದಾಳೆ ಅನ್ನಿಸಿತು. 'ತಕರಾರು ಮಾಡಂಗಿಲ್ಲ ಅಂದಿದ್ದೆ' ಎಂದು ಬೈದುಕೊಂಡು ಜೋರಾಗಿ ಎಳೆದೆ. ಮಜ್ಜಿಗೆ ಗುಂಡಿನ ಹೊಟ್ಟೆ ಸೀಳಿಕೊಂಡು ಮೊದಲು ಎರಡು ಪಾದ ಬಂದವು, ಆಮೇಲೆ ಒದ್ದೆ ಪಂಚೆ, ಆಮೇಲೆ ಮಜ್ಜಿಗೆ ಮೆತ್ತಿದ ಮೂವತ್ತೆರಡು ಹಲ್ಲು. ಕೈಗೆ ಬಂದದ್ದು ವಿಶ್ವಂಭರಯ್ಯ!

"ಅತ್ತೆ ಎಲ್ಲಿ?" ಎಂದು ಕಿರುಚಿದೆ.

"ಮೇಲೆ" ಎಂದು ಕೆಮ್ಮಿದರು. "ನಾನು ಅಟ್ಟಣಿಗೆ ಬಿಟ್ಟು ಹೋಗ್ಬಿಟ್ಟಿದ್ದೆ. ಕಾಲು ಹಿಡಿದು ಎಳ್ಕೊಂಡ್ರು. ಹಗ್ಗ ಬಿಚ್ಚಿ ನನಗೆ ಕಟ್ಟಿದ್ರು. ಬೇಡ ಕಾಳಿಂದಕ್ಕ ಅಂದೆ, ಸುಮ್ನಿರೋ ವಿಶ್ವ, ನಿಮ್ಮಪ್ಪನಿಗೆ ಕೊಡ್ಬೇಕಿದ್ದ ಬಾಕಿ ಇದು ಅಂದ್ರು. ಆಮೇಲೆ ನನ್ನ ತಳ್ಳಿ, ಅಟ್ಟಣಿಗೆ ಕಡೆಗೆ ಹೋದ್ರು."

ನನ್ನ ಬಾಯಲ್ಲಿ ಬರೀ ಚರಟ ಉಳಿದಿತ್ತು. ವಿಶ್ವಂಭರಯ್ಯನವರನ್ನು ಕೊಪ್ಪರಿಗೆಯ ಕಿವಿಗೆ ಕಟ್ಟಿ ಅಟ್ಟಣಿಗೆಯ ಕಡೆಗೆ ಓಡಿದೆ. ದೊಡ್ಡಯ್ಯನ ಮೇಲೆ ಕೊನೆಯ ಕೊಡೆ ಮಡಿಸಿಕೊಳ್ಳುತ್ತಿತ್ತು. ಕತ್ತೆತ್ತಿ ನೋಡಿದೆ. ಅಟ್ಟಣಿಗೆಯ ತುದಿಯ ಬಿದಿರು ಹಿಡಿದುಕೊಂಡು ಅತ್ತೆ ಇಳಿಯುತ್ತಿದ್ದಳು, ಒಂದು ಕೈಯಾದ ಮೇಲೆ ಇನ್ನೊಂದು ಕೈ, ತಲೆ ಮೇಲೆ, ಕಾಲು ಕೆಳಗೆ, ಇಪ್ಪತ್ತೆರಡು ವರ್ಷ ನೆಲ ತಳ್ಳಿದ ಅದೇ ಕೈಗಳು. ಅವಸರವಿಲ್ಲದೆ ಅಗಿಯುತ್ತಿದ್ದಳು.

"ಎಷ್ಟು ಉಳೀತೇ?" ಎಂದು ಕೇಳಿದಳು.

"ಏನೂ ಉಳಿದಿಲ್ಲ! ಬೇಗ ಬಾ!"

"ನಂದು ಇನ್ನೊಂಚೂರಿದೆ. ನೀನು ಯಾವಾಗ್ಲೂ ಬೇಗ ಅಗೀತೀಯ."

ಎರಡಾಳೆತ್ತರ. ಒಂದಾಳು. ನಾನು ಕೈಚಾಚಿ ಅವಳ ಪಾದ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಮುಟ್ಟಿಸಿದೆ, ಒಂದು, ಆಮೇಲೆ ಇನ್ನೊಂದು. ಅವಳು ರಸ ನುಂಗಿದಳು. ಆ ಕ್ಷಣಕ್ಕೆ ಭಾರ ಬಂತು. ಅಂಗಳದ ತುಂಬ ಗಂಡಸರು ದಬದಬ ಬಿದ್ದರು, ಹೆಂಗಸರು ಅಷ್ಟರಲ್ಲಿ ತಕ್ಕಮಟ್ಟಿಗೆ ಕೆಳಗೆಳೆದುಕೊಂಡಿದ್ದರಿಂದ ಮುಂದೆ ಕುಂಟಿದವರು ಇಬ್ಬರೇ. ಮಜ್ಜಿಗೆ ಗುಂಡು ಒಂದೇ ಸಲಕ್ಕೆ ಕಳಚಿ ಊರನ್ನೆಲ್ಲ ತೋಯಿಸಿತು. ಅತ್ತೆ ಬೀಳಲಿಲ್ಲ. ಎರಡೂ ಕೈಯಲ್ಲಿ ಬಿದಿರನ್ನು ತಬ್ಬಿ ನಿಂತಿದ್ದಳು. ಮಂಡಿ ಗಡಗಡ ನಡುಗುತ್ತಿತ್ತು, ಆದರೂ ನಿಂತಿದ್ದಳು. ಅವಳ ಮುಖ ನನ್ನ ಮುಖಕ್ಕೆ ಸರಿಯಾಗಿ ಎದುರಿಗಿತ್ತು, ಮೂಗಿಗೆ ಮೂಗು. ನಾನು ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಕೊನೆಯ ಸಲ ಅವಳನ್ನು ಹಾಗೆ ನೋಡಿದ್ದು.

"ಭಾರ ಬಂತು ಕಣೇ, ಪಾರಿ. ನಂದೇ ಭಾರ" ಎಂದಳು. ಹುಣಸೆಮರದೆತ್ತರದಲ್ಲಿ ತೇಲುವಾಗಲೂ ಅವಳ ಮುಖದಲ್ಲಿ ಅಂಥ ಸಂತೋಷ ಇದ್ದಿರಲಾರದು. ನಾನು ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ. ಅತ್ತೆ ಹತ್ತು ಎಣಿಸುವಷ್ಟು ಹೊತ್ತು ನಿಂತು, "ಸಾಕು, ಹಲಗೆ ತಾ" ಎಂದಳು.

ಮರುದಿನ ವಿಶ್ವಂಭರಯ್ಯ ತಾವೇ ತಪ್ಪುಗಲ್ಲು ಕಟ್ಟಿಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತರು. ಅತ್ತೆ ಬೀದಿಯವರೆಲ್ಲ ಕೇಳುವ ಹಾಗೆ ಪಾಕದ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. "ಬಿಚ್ಚೋ ಅದನ್ನ. ನಿಮ್ಮಪ್ಪ ಹೊತ್ತಿದ್ದೂ ನಂದು, ನೀನು ಹೊತ್ತಿರೋದೂ ನಂದು" ಎಂದಳು. ಅವರು ಕೊಡುವುದಿಲ್ಲ ಎಂದರು, ಇವಳು ಬಿಡುವುದಿಲ್ಲ ಎಂದಳು. ಕೊನೆಗೆ ಗೆದ್ದವಳು ಅವಳೇ. ಈಗ ಆ ಕಲ್ಲು ಅಟ್ಟಣಿಗೆಯ ಬುಡದಲ್ಲಿದೆ, ಬಿದಿರು ಅಲುಗಾಡದ ಹಾಗೆ.

ತಿಂಗಳ ಪರೀಕ್ಷೆಗೆ ಜನ ತಟ್ಟೆಯ ಬದಲು ಲೋಟ ತರುತ್ತಾರೆ. ತುಪ್ಪ, ಮಜ್ಜಿಗೆ, ಗಂಜಿ, ಬೆಲ್ಲದಲ್ಲಿ ಉಂಡೆ ಕರಗಿದ್ದನ್ನು ಕುಡಿದು ಮೊದಮೊದಲು ಮುಖ ಸಿಂಡರಿಸಿದರು, ಈಗ ಇನ್ನೊಂದು ಲೋಟ ಕೇಳುತ್ತಾರೆ. ವಿಶ್ವಂಭರಯ್ಯ ಕೊಪ್ಪರಿಗೆಯಿಂದ ಎಂಟು ಹೆಜ್ಜೆ ದೂರದಲ್ಲಿ ಕೊಡೆ ಹಿಡಿದು ನಿಲ್ಲುತ್ತಾರೆ. ನಾನು ಉದುರುವ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಏಣಿ ಹತ್ತುತ್ತೇನೆ. ಅತ್ತೆ ಹಲಗೆ ತಳ್ಳಿಕೊಂಡು ಅಟ್ಟಣಿಗೆಯ ಬುಡಕ್ಕೆ ಬಂದು, ಕರಿಕಲ್ಲಿನ ಮೇಲೆ ಒಂದು ಕೈ, ಬಿದಿರಿನ ಮೇಲೆ ಇನ್ನೊಂದು ಕೈ ಊರಿ, ಹಲ್ಲು ಕಚ್ಚಿ ಏಳುತ್ತಾಳೆ. ಅವಳು ನೆಟ್ಟಗೆ ನಿಲ್ಲುವವರೆಗೆ ಇಡೀ ಊರು ಲೋಟ ಹಿಡಿದು ಕಾಯುತ್ತದೆ. ಆಮೇಲೆ ಅವಳು ಸುತ್ತಲಿನ ಮುಖಗಳನ್ನೆಲ್ಲ ಒಂದು ಸಲ ನೇರವಾಗಿ ನೋಡಿ, "ಹೂಂ, ಬಿಡೇ" ಎನ್ನುತ್ತಾಳೆ. ನಾನು ಬಿಡುತ್ತೇನೆ.